ಅತ್ತೆ ಕಾರಿನ ಮೂರು ಪೈಪು

ಅತ್ತೆಯ ಕಾರು ಚೆಂಡುಹೂವಿನ ಮೂಟೆಗಳಿಗೆ ಗುದ್ದಿ ನಿಂತಾಗ ಒಳಗೆ ಮೂವರಿದ್ದೆವು. ಸ್ಟೇರಿಂಗ್ ಹಿಡಿದಿದ್ದವಳು ಅತ್ತೆ. ಪಕ್ಕದಲ್ಲಿ ಅವಳ ತಮ್ಮ, ಅಂದರೆ ನನ್ನ ಅಪ್ಪ. ಹಿಂದಿನ ಸೀಟಿನಲ್ಲಿ ನಾನು. ಕಾರು ಎಷ್ಟು ಜೋರಾಗಿ ಹೋಗುತ್ತಿತ್ತು ಎಂದು ಕೇಳಿದರೆ ಇವತ್ತಿಗೂ ಮೂರು ಉತ್ತರ ಸಿಗುತ್ತವೆ. ಅತ್ತೆಯ ಪ್ರಕಾರ ಎಮ್ಮೆ ನಡೆದ ಹಾಗೆ, ಅಪ್ಪನ ಪ್ರಕಾರ ಊಟಿ ಬಸ್ಸಿನ ಹಾಗೆ. ನನ್ನ ಪ್ರಕಾರ ಸೈಕಲ್ಲಿನಷ್ಟು. ಆದರೆ ಆ ಹೊತ್ತಿನಲ್ಲಿ ನಾನು ಮೊಬೈಲ್ ನೋಡುತ್ತಿದ್ದೆ, ಆದ್ದರಿಂದ ನನ್ನ ಸಾಕ್ಷಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳಬಾರದು ಕೂಡ.

ಮೂವರೂ ಒಪ್ಪುವ ಸಂಗತಿ ಇಷ್ಟೇ. ಅದು ಗುಂಡ್ಲುಪೇಟೆಯಲ್ಲಿ ಹೆದ್ದಾರಿಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆ. ಕೇರಳದ ಗಾಡಿಗಳಿಗೆ ಹೂವು, ತರಕಾರಿ ತುಂಬುವ ಜಾಗ. ಅತ್ತೆ ಬ್ರೇಕ್ ಒತ್ತಿದಳು. ಪೆಡಲ್ಲು ಸೀದಾ ನೆಲಕ್ಕೆ ಹೋಗಿ ಅಲ್ಲೇ ಕುಳಿತಿತು. ಕಾರು ಮಾತ್ರ ಹೋಗುತ್ತಲೇ ಇತ್ತು.

ಮೂಟೆಗಳು ಮೆತ್ತಗಿದ್ದವು. ಕಾರಿನ ದುಂಡು ಮೂಗು ಅವುಗಳ ಒಳಗೆ ಹೂತುಕೊಂಡಿತು. ಎರಡು ಮೂಟೆ ಬಿರಿದು ಬಾನೆಟ್ಟಿನ ಮೇಲೆಲ್ಲ ಹೂವು ಚೆಲ್ಲಿತು. ಯಾರಿಗೂ ಒಂದು ತರಚೂ ಆಗಲಿಲ್ಲ. ತೂಕ ಹಾಕುತ್ತಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ಕಿಟಕಿಯಲ್ಲಿ ಬಗ್ಗಿದಳು.

"ಅಲ್ಲ ನರ್ಸಮ್ಮ, ಹೂ ಬೇಕಾಗಿದ್ರೆ ಕೇಳಿದ್ರೆ ಕೊಡ್ತಿರ್ನಿಲ್ವ? ಇಂಗೆ ಮೇಲೆ ಬಿದ್ದು ಈಸ್ಕಬೇಕಾ?"

"ನಾನೆಲ್ಲಿ ಕೇಳ್ದೆ? ಕಾರ್ಗೆ ಪೂಜೆ ಮಾಡಿ ಬಾಳ ದಿನ ಆಗಿತ್ತು ಕಣವ್ವ, ಅದೇ ಬಂದು ಮಾಡಿಸ್ಕತು" ಎಂದಳು ಅತ್ತೆ.

ಸುತ್ತ ನಿಂತವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಅವನ ಎರಡೂ ಕೈ ಇನ್ನೂ ಮುಂದಿನ ಡ್ಯಾಶ್‌ಬೋರ್ಡನ್ನು ಒತ್ತಿ ಹಿಡಿದಿದ್ದವು.

ಅತ್ತೆ ಗುಂಡ್ಲುಪೇಟೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಸರ್ಕಾರಿ ನರ್ಸಾಗಿದ್ದವಳು. ಕೆನೆಬಣ್ಣದ ಆ ಹಳೆಯ ಕಾರನ್ನು ಕೆಲಸದಲ್ಲಿದ್ದಾಗಲೇ ಎಸ್ಟೇಟಿನವರೊಬ್ಬರಿಂದ ಕೊಂಡಿದ್ದಳು. ಆಗಲೇ ಅದಕ್ಕೆ ವಯಸ್ಸಾಗಿತ್ತು. ಮಾವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಹೆಂಡತಿ ಓಡಿಸುವಾಗ ಪಕ್ಕದಲ್ಲಿ ಕುಳಿತು ಎಲೆಯಡಿಕೆ ಹಾಕುವುದೇ ಅವನಿಗೆ ಸುಖವಾಗಿತ್ತು. ಈಗ ಅವನಿಲ್ಲ. ಅರವತ್ತೊಂಬತ್ತರ ಅತ್ತೆ ವಾರಕ್ಕೊಮ್ಮೆ ತವರುಮನೆ ಕುದೇರಿಗೆ ಕಾರಿನಲ್ಲಿ ಬರುತ್ತಾಳೆ. ಉಳಿದ ದಿನ ಬೀದಿಯ ಹೆಂಗಸರನ್ನು ಆಸ್ಪತ್ರೆಗೋ ಮದುವೆಗೋ ಕರೆದುಕೊಂಡು ಹೋಗುತ್ತಾಳೆ. ಅವಳ ಮನೆಯ ಬಾಗಿಲು ತಟ್ಟುವವರಲ್ಲಿ ಅರ್ಧ ಜನ ಕೇಳುವುದು, "ನರ್ಸಮ್ಮ, ಕಾರು ಅದಾ?" ಎಂದೇ.

ಅಪ್ಪ ಕಾರಿನಿಂದ ಇಳಿದು, ಪಂಚೆ ಸರಿ ಮಾಡಿಕೊಂಡು ಹೇಳಿದ: "ಅಕ್ಕ, ಸಾಕು ಕಣಕ್ಕ. ಕಾರ್ಗೂ ವಯಸ್ಸಾಯ್ತು, ನಿಂಗೂ ವಯಸ್ಸಾಯ್ತು. ಕಾಲು ನಿಧಾನ ಆಗದೆ."

"ನನ್ ಕಾಲು ನಿಧಾನ ಆಗಿಲ್ಲ ಕಣ್ಲಾ. ಒತ್ತುದೆ. ಪೆಡ್ಲು ಓಯ್ತು, ಬ್ರೇಕು ಬರ್ನಿಲ್ಲ."

"ಎಲ್ರೂ ಅಂಗೇ ಯೋಳದು."

"ಎಲ್ರೂ ಅಂದ್ರೆ ಯಾರ್ಲಾ? ನಿಂಗೆ ಕಾರು ಓಡ್ಸೋರು ಎಷ್ಟು ಜನ ಗೊತ್ತು?"

ಮುಂದಿನ ಸೋಮವಾರ ಚಾಮರಾಜನಗರದ ಸಾರಿಗೆ ಕಚೇರಿಯಲ್ಲಿ ಕಾರಿನ ತಪಾಸಣೆ ಇತ್ತು. ಹಳೆಯ ಕಾರುಗಳ ನೋಂದಣಿ ಮುಂದುವರಿಯಬೇಕಾದರೆ ಇನ್ಸ್‌ಪೆಕ್ಟರು ನೋಡಿ ಒಪ್ಪಬೇಕು. ಅಪ್ಪ ಅದನ್ನೇ ಹಿಡಿದುಕೊಂಡ.

"ಸೋಮಾರ ಇನ್ಸ್‌ಪೆಟ್ರು ನೋಡ್ತಾರಲ್ಲ. ಬ್ರೇಕ್ ಸರಿಗಿಲ್ಲ ಅಂದ್ರೆ ಅಲ್ಲಿಂದ್ಲೇ ಗುಜರಿಗೆ ಕೊಟ್ಬುಡನ. ಆಮೇಲೆ ನೀ ಯಾವ್ ಸ್ಟೇರಿಂಗೂ ಮುಟ್ಬಾರ್ದು."

"ಸರಿಗದೆ ಅಂದ್ರೆ?"

"ಅಂದ್ರೆ ನಾ ಇನ್ನ ಬಾಯ್ ಬುಡಲ್ಲ."

"ಈ ಹೂನವ್ವನ ಮುಂದೆ ಯೋಳ್ತಾ ಇದ್ದೀಯ, ಗ್ಯಾನ ಮಡಿಕೊ" ಎಂದಳು ಅತ್ತೆ. ತೂಕದ ಹೆಂಗಸು, "ನಾ ಗ್ಯಾನ ಮಡಿಕತೀನಿ ಬುಡಿ" ಎಂದಳು. ಹೀಗೆ ಚೆಂಡುಹೂವಿನ ನಡುವೆ ಮಾತು ಪಕ್ಕಾ ಆಯಿತು. ಅವತ್ತು ಮಂಗಳವಾರ.

ಗ್ಯಾರೇಜು ಅದೇ ರಸ್ತೆಯ ಕೊನೆಯಲ್ಲಿತ್ತು. ಹೂವು ತುಂಬುತ್ತಿದ್ದವರೆಲ್ಲ ಸೇರಿ ಕಾರನ್ನು ತಳ್ಳಿದರು. ಅತ್ತೆ ಒಳಗೆ ಕುಳಿತು, ತಳ್ಳುವವರಿಗೆ ಕಿಟಕಿಯಿಂದ ಕೈ ಬೀಸಿ ದಾರಿ ತೋರಿಸುತ್ತಿದ್ದಳು. ಇದು ನನ್ನ ನೆನಪು. ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಕುಳಿತಿದ್ದೆ, ಕೈ ಬೀಸಲೇ ಇಲ್ಲ ಎನ್ನುತ್ತಾಳೆ ಅವಳು.

ಮೆಕ್ಯಾನಿಕ್ಕಿಗೆ ನಲವತ್ತು ದಾಟಿದೆ. ಅವನು ಹುಟ್ಟಿದ್ದು ಅತ್ತೆಯ ಕೈಯಲ್ಲೇ, ಅದನ್ನು ಅವಳು ಪ್ರತಿ ಸರ್ವಿಸಿನಲ್ಲೂ ಒಮ್ಮೆ ಹೇಳುತ್ತಾಳೆ. "ಯಾವಾಗ್ಲೂ ಆರನ್ ಒಡ್ಕಂಡ್ ಬತ್ತಿದ್ರಿ ನರ್ಸಮ್ಮ, ಇವತ್ತೇನು ಮೆರವಣಿಗೇಲಿ ಬಂದ್ರಿ?" ಎನ್ನುತ್ತ ಅವನು ಜಾಕಿ ಕೊಟ್ಟು ಮುಂದಿನ ಚಕ್ರ ಬಿಚ್ಚಿದ.

ಬ್ರೇಕ್ ಕೆಲಸ ಮಾಡುವ ಬಗೆಯನ್ನು ನಾನು ಅವತ್ತೇ ಮೊದಲ ಸಲ ನೋಡಿ ತಿಳಿದದ್ದು. ಪೆಡಲ್ ಒತ್ತಿದರೆ ಡಬ್ಬಿಯಲ್ಲಿರುವ ಬ್ರೇಕ್ ಆಯಿಲ್ಲು ಕಬ್ಬಿಣದ ಸಣ್ಣ ಪೈಪುಗಳಲ್ಲಿ ಚಕ್ರದವರೆಗೆ ಹೋಗಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಚಕ್ರ ತಿರುಗುತ್ತದೆ, ಹಳ್ಳದಲ್ಲಿ ಎದ್ದು ಬೀಳುತ್ತದೆ. ಅದಕ್ಕೇ ಕೊನೆಯ ಒಂದು ಮೊಳದಷ್ಟು ಪೈಪು ರಬ್ಬರಿನದು. ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು. ಮೆಕ್ಯಾನಿಕ್ಕು ಅವನ್ನು ಓಸು ಎನ್ನುತ್ತಾನೆ. ಎಡಗಡೆಯ ಓಸು ನಡುವೆ ಊದಿಕೊಂಡು ಇಲಿ ನುಂಗಿದ ಹಾವಿನ ಹಾಗಿತ್ತು. ಅದರ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಲಗಡೆಯದೂ ಹಾಗೇ. ಹಿಂದಿನದನ್ನು ಅವನು ಬೆರಳಲ್ಲಿ ಒತ್ತಿದಾಗ ಬೆಂದ ಗೆಣಸಿನಂತೆ ತಗ್ಗು ಬಿತ್ತು.

"ಹಳೇದಾಗಿದ್ರೆ ಬಿರುಕು ಬುಡ್ಬೇಕು. ಇದು ಊದ್ಕಂಡದೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡು, "ಒಂದ್ ಲೋಟ ನೀರು ತಕ್ಕಬನ್ನಿ" ಎಂದ.

ಅಪ್ಪ ಪಕ್ಕದ ಟೀ ಅಂಗಡಿಯಿಂದ ಗಾಜಿನ ಲೋಟದಲ್ಲಿ ನೀರು ತಂದು, ಕುಡಿಯಲಿ ಎಂದು ಅವನ ಮುಂದೆ ಹಿಡಿದ. ಅವನು ಬ್ರೇಕ್ ಡಬ್ಬಿಯ ಮುಚ್ಚಳ ತೆಗೆದು, ಒಂದು ಕಡ್ಡಿ ಅದ್ದಿ, ನಾಲ್ಕು ಹನಿಯನ್ನು ನೀರಿಗೆ ಬಿಟ್ಟ. ಹನಿಗಳು ಮೇಲೆ ತೇಲಿ ಉಂಗುರ ಉಂಗುರವಾಗಿ ಹರಡಿದವು. ಆಮೇಲೆ ತನ್ನ ಹೊಸ ಡಬ್ಬದಿಂದ ಬ್ರೇಕ್ ಆಯಿಲ್ ತೆಗೆದು ಇನ್ನೊಂದು ಲೋಟ ನೀರಿಗೆ ಬಿಟ್ಟು ಕಲಕಿದ. ಅದು ಸಕ್ಕರೆಯಂತೆ ಕರಗಿ ಹೋಯಿತು.

"ನೋಡಿ. ಬ್ರೇಕ್ ಆಯ್ಲು ನೀರಲ್ಲಿ ಬೆರ್ತೋಯ್ತದೆ. ತೇಲ್ತಾ ಅದೆ ಅಂದ್ರೆ ಬೇರೆ ಎಣ್ಣೆ ಸೇರದೆ." ಕಡ್ಡಿಯನ್ನು ಮೂಸಿದ. "ಟ್ರಾಕ್ಟರ್ ಐಡ್ರಾಲಿಕ್ ಆಯ್ಲು. ಇದು ಬಿದ್ರೆ ಬ್ರೇಕಿನ್ ರಬ್ಬರೆಲ್ಲ ಊದ್ಕತದೆ. ಯಾರ್ ಉಯ್ದೋರು ಇದ?"

ನಾನು ಅಪ್ಪನ ಕಡೆ ನೋಡಿದೆ.

ಕುದೇರಿನ ನಮ್ಮ ಮನೆಯಲ್ಲಿ ಟ್ರಾಕ್ಟರಿಗೆಂದು ತಂದ ಎಣ್ಣೆಯ ದೊಡ್ಡ ಕ್ಯಾನು ಕೊಟ್ಟಿಗೆಯ ಮೂಲೆಯಲ್ಲಿರುತ್ತದೆ. ಅದು ಟ್ರಾಕ್ಟರಿಗಷ್ಟೇ ಎಂದು ಯಾರೂ ಅಂದುಕೊಂಡಿಲ್ಲ. ಬಾಗಿಲ ಕೀಲು ಕಿರುಗುಟ್ಟಿದರೆ ಆ ಕ್ಯಾನು, ಮೇವು ಕತ್ತರಿಸುವ ಮೆಷಿನ್ನಿಗೆ ಆ ಕ್ಯಾನು, ಅಮ್ಮನ ಹೊಲಿಗೆ ಮೆಷಿನ್ನಿಗೂ ಅದೇ. ತುಕ್ಕು ಹಿಡಿದ ಕುಡುಗೋಲನ್ನು ಅದರಲ್ಲೇ ಅದ್ದಿಡುತ್ತಾರೆ. ಎರಡು ತಿಂಗಳ ಹಿಂದಿನ ಒಂದು ಭಾನುವಾರ, ಅತ್ತೆ ಒಳಗೆ ಊಟ ಮಾಡುತ್ತಿದ್ದಾಗ, ಅಂಗಳದಲ್ಲಿ ಅಪ್ಪ ಬಾನೆಟ್ ಎತ್ತಿಕೊಂಡು ನಿಂತಿದ್ದು ನನಗೆ ಚೆನ್ನಾಗಿ ನೆನಪಿತ್ತು. ಹೆಗಲ ಮೇಲೆ ಕೆಂಪು ಚೌಕಳಿಯ ಟವೆಲ್ಲು. ಕೈಯಲ್ಲಿ ಆ ಕ್ಯಾನು. "ಕಮ್ಮಿ ಆಗದೆ, ಉಯ್ದ್‌ಬುಡನ" ಎಂದ ಧ್ವನಿ ಕೂಡ. ಬೇಕೆಂದರೆ ಚಿತ್ರ ಬರೆದು ತೋರಿಸಬಲ್ಲೆ, ಅಷ್ಟು ಸ್ಪಷ್ಟ.

"ನೀನೇ ಅಲ್ವಾ ಅಪ್ಪ, ಅವತ್ತು ಅಂಗಳದಲ್ಲಿ?" ಎಂದೆ.

ಅಪ್ಪ ಲೋಟದಲ್ಲಿ ತೇಲುತ್ತಿದ್ದ ಎಣ್ಣೆಯನ್ನು ನೋಡುತ್ತ ನಿಂತ. "ಇರ್ಬೋದು ಕಣಮ್ಮಿ. ಗ್ಯಾನ ಬತ್ತಾ ಇಲ್ಲ. ನಾನೇ ಇರ್ಬೋದು."

"ಅಂದ್ರೆ ಉಯ್ದೋನು ನೀನು, ವಯಸ್ಸಾಗಿದ್ದು ನನ್ ಕಾಲ್ಗೆ!" ಎಂದಳು ಅತ್ತೆ. ಮೆಕ್ಯಾನಿಕ್ಕು ನಕ್ಕ ರಭಸಕ್ಕೆ ಅವನ ಕೈಲಿದ್ದ ಸ್ಪ್ಯಾನರು ಕೆಳಗೆ ಬಿತ್ತು.

ನಾನು ಚಾಮರಾಜನಗರದಲ್ಲಿ ಬಾಡಿಗೆ ಮನೆಯಲ್ಲಿದ್ದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಶುರುವಾದ ದಿನಚರಿ ಬರೆಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಅವತ್ತು ಸಂಜೆ ಮನೆಗೆ ಬಂದು, ಆ ಭಾನುವಾರದ ಪುಟ ತೆಗೆದೆ. ಅಪ್ಪನ ತಪ್ಪಿಗೆ ದಿನಾಂಕ ಹಚ್ಚುವುದಷ್ಟೇ ನನ್ನ ಉದ್ದೇಶವಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು:

"ಊರಿಗೆ ಹೋಗಿದ್ದೆ. ಅತ್ತೆಯ ಕಾರಿನ ಬ್ರೇಕ್ ಡಬ್ಬಿಯಲ್ಲಿ ಎಣ್ಣೆ ತಳ ಕಂಡಿತ್ತು. ನಾನೇ ಟ್ರಾಕ್ಟರಿನ ಕ್ಯಾನಿನಿಂದ ತುಂಬಿಸಿದೆ. ಅಪ್ಪ ಇನ್ನೂ ಹೊಲದಿಂದ ಬಂದಿರಲಿಲ್ಲ. ಸೋಪು ಹಾಕಿ ತೊಳೆದರೂ ಕೈಯ ವಾಸನೆ ಹೋಗಲಿಲ್ಲ."

ಮೂರು ಸಲ ಓದಿದೆ. ಅಪ್ಪ ಮನೆಯಲ್ಲೇ ಇರಲಿಲ್ಲ. ಹಾಗಾದರೆ ಆ ಟವೆಲ್ಲು? ಆ ಧ್ವನಿ? ಯಾವುದೋ ಬೇರೆ ದಿನದ ಅಪ್ಪನನ್ನು ತಂದು ಆ ಬಾನೆಟ್ಟಿನ ಮುಂದೆ ನಿಲ್ಲಿಸಿದ್ದೆ. ಕ್ಯಾನನ್ನು ನನ್ನ ಕೈಯಿಂದ ತೆಗೆದು ಅವನ ಕೈಗೆ ಕೊಟ್ಟಿದ್ದೆ. ಇದನ್ನು ಯಾವಾಗ ಮಾಡಿದೆ? ಗ್ಯಾರೇಜಿನಲ್ಲಿ, "ಯಾರ್ ಉಯ್ದೋರು" ಎಂಬ ಪ್ರಶ್ನೆ ಬಿದ್ದ ಕ್ಷಣದಲ್ಲೇ ಇರಬಹುದೆ? ಅದು ಇನ್ನೂ ಭಯ ಹುಟ್ಟಿಸುವ ವಿಚಾರ. ಅಷ್ಟು ಬೇಗ, ಅಷ್ಟು ಅಂದವಾಗಿ, ಚೌಕಳಿ ಸಮೇತ. ಆ ನಾಲ್ಕು ಸಾಲಿನಲ್ಲಿ ಒಂದು ಸಣ್ಣ ಹೆಮ್ಮೆಯೂ ಕಂಡಿತು. ಊರಿಗೆ ಹೋಗಿ ಸುಮ್ಮನೆ ಕೂರಲಿಲ್ಲ, ಒಂದು ಕೆಲಸ ಮಾಡಿದೆ ಎಂಬ ಹೆಮ್ಮೆ.

ಫೋನಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮರುದಿನ ಮಧ್ಯಾಹ್ನ ಕ್ಲಾಸು ಮುಗಿಸಿ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆ. ಮೆಕ್ಯಾನಿಕ್ಕು ಕಾರಿನ ಕೆಳಗಿದ್ದ. ಅತ್ತೆ ಒಂದು ಹಳೆಯ ಟೈರಿನ ಮೇಲೆ ಕುಳಿತು ಅವನಿಗೆ ಕಾಯುತ್ತಿದ್ದಳು. ಅಪ್ಪನೂ ಬಂದಿದ್ದ. ಅಕ್ಕನಿಗೆ ಊರಿನಿಂದ ಸೊಪ್ಪು ತಂದಿದ್ದೆ ಎಂಬುದು ಅವನ ನೆಪ.

"ಎಣ್ಣೆ ಉಯ್ದಿದ್ದು ಅಪ್ಪ ಅಲ್ಲ. ನಾನು" ಎಂದೆ. "ಡೈರಿಯಲ್ಲಿ ಬರೆದಿಟ್ಟಿದ್ದೀನಿ."

ಅಪ್ಪ ಗಾಬರಿಯಾದ. "ಅಂದ್ರೆ ನಾ ಉಯ್ನಿಲ್ವ? ಅಲ್ಲ ಕಣಮ್ಮಿ, ರಾತ್ರೆಲ್ಲಾ ಯೋಚ್ನೆ ಮಾಡ್ದೆ. ನಂಗೆ ಉಯ್ದಂಗೇ ಗ್ಯಾನ ಬಂತಲ್ಲ! ಡಬ್ಬಿ ಮುಚ್ಚಳ ಕೈಲಿ ಹಿಡ್ದಿದ್ದು, ಸ್ವಲ್ಪ ಚೆಲ್ಲಿದ್ದು, ಎಲ್ಲಾನೂವೆ!"

ನನ್ನ ಒಂದು ಮಾತಿಗೆ ಅಪ್ಪ ಒಂದೇ ರಾತ್ರಿಯಲ್ಲಿ ಪೂರ್ತಿ ನೆನಪೊಂದನ್ನು ಕಟ್ಟಿಕೊಂಡಿದ್ದ. ಚೆಲ್ಲಿದ ಎಣ್ಣೆಯ ಸಮೇತ. ನಾವಿಬ್ಬರೂ ಒಂದೇ ಮನೆಯವರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅತ್ತೆ ಟೈರಿನ ಮೇಲೆ ಕುಳಿತೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಎ ಓದಿರೋಳು ಉಯ್ತಾಳೆ, ಹೊಲ ಉಳೋನು ಒಪ್ಕತಾನೆ! ನಿಮ್ಮಿಬ್ರನೂ ಪೊಲೀಸ್ ಸ್ಟೇಷನ್ ಹತ್ರಕ್ಕೆ ಬುಡಬಾರ್ದು." ಆಮೇಲೆ ತಮ್ಮನ ಕಡೆ ತಿರುಗಿದಳು. "ಕಾಲು ನಿಧಾನ ಆಗದೆ ಅಂದ್ಯಲ್ಲ, ಆ ಮಾತ ವಾಪಸ್ ತಕ್ಕ."

"ತಕ್ಕಂಡೆ" ಎಂದ ಅಪ್ಪ. "ಆದ್ರೆ ಸೋಮಾರದ ಮಾತು ಮಾತೇಯ. ಯಾರ್ ಉಯ್ದ್ರೂ ಬ್ರೇಕು ಬ್ರೇಕೇ ಅಲ್ವಾ? ನಿಲ್ದೆ ಇದ್ರೆ ಗುಜರಿಗೆ."

ಅದು ಅವನ ಹಟ ಮಾತ್ರವಾಗಿರಲಿಲ್ಲ. ಅವನು ನಿಜವಾಗಿ ಹೆದರಿದ್ದ. ಹೂವಿನ ಮೂಟೆಗಳ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಎಂಬ ಮಾತನ್ನು ಅವತ್ತು ಯಾರೂ ಬಾಯಿಬಿಟ್ಟು ಆಡಲಿಲ್ಲ. ಅತ್ತೆಗೂ ಅದು ಗೊತ್ತಿತ್ತು. "ಆಗ್ಲಿ" ಎಂದಳು.

ಕೆಟ್ಟ ಎಣ್ಣೆ ಮುಟ್ಟಿದ ರಬ್ಬರೆಲ್ಲ ಬದಲಾಗಬೇಕಿತ್ತು. ಒಳಗಿನ ಸಣ್ಣ ರಬ್ಬರ್ ಬಿಲ್ಲೆಗಳನ್ನು ಮೆಕ್ಯಾನಿಕ್ಕು ಮೈಸೂರಿನಿಂದ ಒಂದೇ ದಿನದಲ್ಲಿ ತರಿಸಿದ. ಓಸು ಮಾತ್ರ ಸಿಗಲಿಲ್ಲ. ಚಾಮರಾಜನಗರದಲ್ಲಿ ನಾನು ಹುಡುಕುತ್ತೇನೆ ಎಂದು ಒಪ್ಪಿಕೊಂಡೆ. ಪ್ರಾಯಶ್ಚಿತ್ತ ಎನ್ನುವಷ್ಟು ದೊಡ್ಡ ಮಾತು ಬೇಡ, ಸುಮ್ಮನೆ ಕೂರಲಾಗಲಿಲ್ಲ.

ಗುರುವಾರ ಟ್ರಾಕ್ಟರಿನ ಪೈಪುಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಕಬ್ಬಿಣ ಒತ್ತಿ ಕೊಡುವ ಅಂಗಡಿಯೊಂದು ಸಿಕ್ಕಿತು. ಅಂಗಡಿಯವನು ನಾನು ತೋರಿಸಿದ ಫೋಟೋ ನೋಡಿ, "ಇಷ್ಟೇನಾ? ಹತ್ತು ನಿಮಿಷ ಕೂತ್ಕಳಿ, ಒತ್ತಿ ಕೊಡ್ತೀನಿ" ಎಂದ. ಅವನ ಪೈಪು ಹೆಬ್ಬೆರಳಿಗಿಂತ ದಪ್ಪ, ಒಳಗೆ ಉಕ್ಕಿನ ಜಾಲರಿ. ಆ ಹಳೆಯ ಓಸಿನ ಮುಂದೆ ಅದು ಪೈಲ್ವಾನನ ಹಾಗೆ ಕಂಡಿತು. ಒಪ್ಪಿಕೊಂಡೇಬಿಟ್ಟಿದ್ದೆ. ಅವನು ಪೈಪನ್ನು ಕತ್ತರಿಸುವ ಮೆಷಿನ್ನಿಗೆ ಇಡುವಾಗ, ಯಾಕೋ ಒಮ್ಮೆ ಕೇಳೋಣ ಎನಿಸಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ.

"ಬ್ಯಾಡಿ ಮೇಡಂ, ಬ್ಯಾಡಿ!" ಎಂದು ಅವನು ಕೂಗಿದ್ದು ಅಂಗಡಿಯವನಿಗೂ ಕೇಳಿಸಿತು. "ಆ ಪೈಪು ಟ್ರಾಕ್ಟರ್ ಎಣ್ಣೆಗೆ ಮಾಡಿರದು. ಅದ್ರೊಳಕ್ಕೆ ಬ್ರೇಕ್ ಆಯ್ಲು ಬುಟ್ರೆ ಅದ್ರ ರಬ್ಬರು ಕೆಟ್ಟೋಯ್ತದೆ. ಕಾರಿಗೆ ಟ್ರಾಕ್ಟರ್ ಎಣ್ಣೆ ಕುಡಿಸಿದ್ದು ಸಾಕಾಗ್ನಿಲ್ವ? ಈಗ ಟ್ರಾಕ್ಟರ್ ಕರುಳೂ ಹಾಕ್ತೀರಾ?"

ಅಂಗಡಿಯವನು ಏನೂ ಬೇಜಾರು ಮಾಡಿಕೊಳ್ಳದೆ ಪೈಪು ಸುತ್ತಿಟ್ಟ. ಶುಕ್ರವಾರ ಹಳೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಇದೇ ಕಾರಿನ ಓಸು ಸಿಕ್ಕಿತು. ಕಾಗದ ಕೂಡ ಬಿಚ್ಚದ ಹೊಸ ಮಾಲು. ಸಂತೋಷದಿಂದ ಅದನ್ನು ಸ್ವಲ್ಪ ಬಗ್ಗಿಸಿದೆ. ಒಣಗಿದ ಕಬ್ಬಿನ ಸಿಪ್ಪೆಯ ಹಾಗೆ ಚಟಚಟ ಬಿರುಕು ಬಿಟ್ಟಿತು. ಕಾರಿಗೆ ಎಷ್ಟು ವಯಸ್ಸೋ ಆ ಹೊಸ ಓಸಿಗೂ ಹೆಚ್ಚುಕಡಿಮೆ ಅಷ್ಟೇ. ಅಟ್ಟದ ಮೇಲೆ ಕುಳಿತೇ ಮುದಿಯಾಗಿತ್ತು.

ಕೊನೆಗೆ ದಾರಿ ತೋರಿಸಿದವನು ಹೂವು ಸಾಗಿಸುವ ಪಿಕಪ್ಪಿನ ಡ್ರೈವರು. ಕೇರಳದವನು, ದಿನವೂ ಕೇರಳದ ಗಡಿಯಲ್ಲಿರುವ ಮದ್ದೂರಿನ ಕಾಡು ದಾಟಿ ಬರುವವನು. ಮಂಗಳವಾರ ನಾವು ಗುದ್ದಿದ್ದು ಅವನ ಲೋಡಿಗೇ. ಶುಕ್ರವಾರ ಸಂಜೆ ಚಕ್ರಕ್ಕೆ ಗಾಳಿ ಹಾಕಿಸಲು ಗ್ಯಾರೇಜಿಗೆ ಬಂದವನು ಕಾರು ಇನ್ನೂ ಜಾಕಿಯ ಮೇಲಿರುವುದನ್ನು ಕಂಡು ಅಲ್ಲೇ ಕುಳಿತಿದ್ದ ಅತ್ತೆಗೆ, "ಚೇಚೀ, ಇನ್ನೂ ಆಗಿಲ್ಲವಾ? ನಮ್ಮ ನಾಡಿನಲ್ಲಿ ಒಬ್ಬ ಮುದುಕ ಉಂಟು. ಮದುವೆಗೆ ಬಾಡಿಗೆ ಕೊಡುವುದು ಇದೇ ಕಾರು, ನಾಲ್ಕು. ಓಸ್ ಅವನು ಮಾಡಿಸುವುದು" ಎಂದ. ಮೆಕ್ಯಾನಿಕ್ಕು ಆ ಕ್ಷಣವೇ ಹಳೆಯ ಮೂರು ಓಸುಗಳನ್ನು ಅಳತೆಗೆಂದು ಪೇಪರಿನಲ್ಲಿ ಸುತ್ತಿ ಅವನ ಕೈಗಿಟ್ಟ. ಅವು ಟೊಮೇಟೊ ಕ್ರೇಟುಗಳ ಮೇಲೆ ಕುಳಿತು ಕೇರಳಕ್ಕೆ ಹೋದವು.

ಶನಿವಾರ ಸಂಜೆಗೆ ಅವನು ಬರಬೇಕಿತ್ತು. ಬರಲಿಲ್ಲ. ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಹಾಕುತ್ತಾರೆ, ಅಷ್ಟರೊಳಗೆ ಆಗುವುದಿಲ್ಲ, ಬೆಳಿಗ್ಗೆ ಬರುತ್ತೇನೆ ಎಂದು ಫೋನು ಮಾಡಿದ. ಅತ್ತೆಯ ಮನೆಯಲ್ಲೇ ಉಳಿದಿದ್ದ ನಾನು ಅವಳ ಮುಖ ನೋಡಿದೆ. ಅವಳು ಅಡುಗೆಮನೆಯಲ್ಲಿ ಸುಮ್ಮನೆ ಡಬ್ಬಿಗಳನ್ನು ಜೋಡಿಸುತ್ತಿದ್ದಳು. "ಬಸ್ಸಲ್ಲಿ ಓಡಾಡಕ್ಕೆ ನಂಗೇನು ಅವಮಾನ ಇಲ್ಲ ಕಣ್ ಕೂಸೆ" ಎಂದಳು, ನಾನು ಏನೂ ಕೇಳದಿದ್ದರೂ. "ಆದ್ರೆ ಯಾರಾರ ಬಂದು ಬಾಗ್ಲು ತಟ್ದಾಗ ಬಸ್ಸಿನ ಟೈಮ್ ಯೋಳದು ಎಂಗೆ?" ಆ ವಾರದಲ್ಲಿ ಅವಳು ನಗದೆ ಆಡಿದ ಮಾತು ಅದೊಂದೇ ಎಂದು ನನ್ನ ನೆನಪು. ಅವತ್ತೇ ಬರೆದಿಟ್ಟೆ.

ಭಾನುವಾರ ಬೆಳಿಗ್ಗೆ ಗೇಟು ತೆಗೆದ ಮೇಲೆ ಬಂದ ಮೊದಲ ಗಾಡಿಗಳಲ್ಲೇ ಅವನಿದ್ದ. ಎಂಟು ಗಂಟೆಗೆ ಮೊದಲೇ ಗ್ಯಾರೇಜಿನ ಮುಂದೆ ಹಾರನ್ ಬಾರಿಸಿ, "ಸಾಧನ ಕಿಟ್ಟಿ, ಸಾಮಾನು ಸಿಕ್ಕಿತು!" ಎಂದು ಪೊಟ್ಟಣ ಎತ್ತಿ ತೋರಿಸಿದ. ಮೂರು ಹೊಸ ಓಸು. ಮೆಕ್ಯಾನಿಕ್ಕು ಒಂದೊಂದನ್ನೂ ಬಗ್ಗಿಸಿ, ಮೂಸಿ, ಒಂದು ತುದಿಗೆ ಬಾಯಿಟ್ಟು ಊದಿ ನೋಡಿ, "ಆಯ್ತು, ಇವತ್ತು ಮುಗಿಸನ" ಎಂದ.

ಮೊದಲು ಪೈಪುಗಳೊಳಗಿನ ಹಳೆಯ ಎಣ್ಣೆಯನ್ನೆಲ್ಲ ತೊಳೆಯಬೇಕಿತ್ತು. ಅದಕ್ಕೆ ಸ್ಪಿರಿಟ್ಟು ಬೇಕು ಎಂದ. ಅತ್ತೆ ಮನೆಗೆ ಹೋಗಿ, ಸೂಜಿ ಚುಚ್ಚುವ ಮೊದಲು ಹತ್ತಿಯಲ್ಲಿ ಒರೆಸುತ್ತಾರಲ್ಲ, ಆ ಸ್ಪಿರಿಟ್ಟಿನ ಎರಡು ಬಾಟಲಿ ತಂದಳು. ಗ್ಯಾರೇಜೆಲ್ಲ ಆಸ್ಪತ್ರೆಯ ವಾಸನೆ ಹೊಡೆಯಿತು. ಮೂರು ಓಸು ಹಾಕಿ, ಹೊಸ ಬ್ರೇಕ್ ಆಯಿಲ್ ತುಂಬಿದ ಮೇಲೆ ಉಳಿದದ್ದು ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸ. ಒಬ್ಬರು ಒಳಗೆ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು. ಆ ಹೊತ್ತಿಗೆ ಚಕ್ರದ ಹತ್ತಿರ ಮೆಕ್ಯಾನಿಕ್ಕು ಸಣ್ಣ ನಟ್ಟೊಂದನ್ನು ಸಡಿಲಿಸಿ, ಗಾಳಿ ಹೊರಗೆ ಬಂದ ಮೇಲೆ ಬಿಗಿಮಾಡುತ್ತಾನೆ. ಆಮೇಲೆ ಪೆಡಲ್ ಬಿಡಬೇಕು. ಒಳಗೆ ಅತ್ತೆ ಕುಳಿತಳು. ನಟ್ಟಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ನಳಿಗೆಯ ತುದಿಯನ್ನು ಆಯಿಲ್ ಇದ್ದ ಬಾಟಲಿಯಲ್ಲಿ ಅದ್ದಿ ಹಿಡಿದು, ಗುಳ್ಳೆ ಬರುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ.

"ಒತ್ತಿ ನರ್ಸಮ್ಮ… ಒತ್ತಿ… ಇಡ್ಕಳಿ! ಬುಡ್ಬ್ಯಾಡಿ… ಊಂ, ಈಗ ಬುಡಿ."

"ಲೇ, ಮೂವತ್ತೈದು ವರ್ಸ ನಾ ಊರ್ಗೆಲ್ಲಾ ಯೋಳಿರ ಮಾತ ನಂಗೇ ಯೋಳ್ತಿದ್ದೀಯಲ್ಲಾ!"

"ಮಾತಾಡ್ಬ್ಯಾಡಿ, ಉಸ್ರು ಬುಟ್ಕಂಡು ಒತ್ತಿ."

"ನಿಮ್ಮವ್ವನೂ ಇಂಗೇ ಸತಾಯಿಸಿದ್ಲು ಕಣ್ಲಾ, ಬೆಳಿಗ್ಗೆಯಿಂದ ಮಧ್ಯಾನ್ದಗಂಟ. ಕೊನೆಗೆ ನೋಡುದ್ರೆ ನೀನು!"

"ಮೇಡಂ, ಗುಳ್ಳೆ ಬತ್ತಾ ಅದಾ?"

"ಬರ್ತಾ ಇದೆ" ಎಂದೆ.

"ತಲೆ ಕಾಣ್ತಾ ಅದಾ ಕೇಳ್ಲಾ" ಎಂದಳು ಅತ್ತೆ ಒಳಗಿನಿಂದ. ಮೆಕ್ಯಾನಿಕ್ಕು ನೆಲದ ಮೇಲೆ ಉರುಳಿಕೊಂಡು ನಕ್ಕ. ಅಷ್ಟರಲ್ಲಿ ನಾನು ನಳಿಗೆಯನ್ನು ಕೈಬಿಟ್ಟೆ, ಆ ಚಕ್ರದ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು.

ನಾಲ್ಕು ಚಕ್ರ ಮುಗಿದರೂ ಪೆಡಲ್ಲು ಮೆತ್ತಗೇ ಇತ್ತು. ಅತ್ತೆಯ ಮುಖದ ನಗು ಹೋಯಿತು. ಮೆಕ್ಯಾನಿಕ್ಕು ಟಾರ್ಚು ಹಿಡಿದು ಕೆಳಗೆ ತೂರಿ ಒಂದೊಂದೇ ಕೀಲನ್ನು ನೋಡುತ್ತ ಹೋದ. ಆಮೇಲೆ ಅಲ್ಲಿಂದಲೇ ತನ್ನನ್ನು ತಾನೇ ಬೈದುಕೊಂಡದ್ದು ಕೇಳಿಸಿತು. ಹಿಂದಿನ ಓಸಿನ ಕೀಲಿನಲ್ಲಿ ತಾಮ್ರದ ತೆಳು ವಾಷರ್ ಒಂದನ್ನು ಹಾಕುವುದನ್ನೇ ಮರೆತಿದ್ದ. ಅಲ್ಲಿಂದ ಆಯಿಲ್ಲು ಬೆವರಿನಂತೆ ಜಿನುಗುತ್ತಿತ್ತು. ವಾಷರ್ ಅವನ ಅಂಗಿಯ ಜೇಬಿನಲ್ಲೇ ಇತ್ತು. "ಹಾಕಿದ್ದಂಗೇ ಗ್ಯಾನ ಇತ್ತು ಮೇಡಂ" ಎಂದ. ಅವನನ್ನು ಅನ್ನುವ ಯೋಗ್ಯತೆ ನನಗಿರಲಿಲ್ಲ.

ಮತ್ತೆ ಹಾಕಿ, ಮತ್ತೆ ಗಾಳಿ ತೆಗೆದು ಮುಗಿಸಿದಾಗ ಮಧ್ಯಾಹ್ನ ಮೂರು ದಾಟಿತ್ತು. ಅತ್ತೆ ಪೆಡಲ್ ಒತ್ತಿದಳು. "ಕಲ್ಲು ತುಳ್ದಂಗೆ ಅದೆ ಕಣ್ಲಾ!" ಎಂದಳು. ಮೆಕ್ಯಾನಿಕ್ಕು ಮೂರು ಓಸುಗಳ ಕೆಳಗೂ ಒಂದೊಂದು ಹಳೆಯ ಪೇಪರ್ ಹಾಸಿ, ಅವಳಿಂದ ಇಪ್ಪತ್ತು ಸಲ ಒತ್ತಿಸಿ, ಆಮೇಲೆ ಒಂದು ಗಂಟೆ ಹಾಗೇ ಬಿಟ್ಟ. ಪೇಪರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಸೋಮವಾರ ಅತ್ತೆಯೇ ಚಾಮರಾಜನಗರಕ್ಕೆ ಓಡಿಸಿಕೊಂಡು ಬಂದಳು. ಪಕ್ಕದಲ್ಲಿ ಮೆಕ್ಯಾನಿಕ್ಕು, ಹಿಂದೆ ನಾನು. ಅಪ್ಪ ಕುದೇರಿನಿಂದ ಬಸ್ಸಿನಲ್ಲಿ ಬಂದು ಕಚೇರಿಯ ಅಂಗಳದಲ್ಲಿ ಮೊದಲೇ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಗೆಲ್ಲುವ ಆಸೆಯಿಂದಲೋ ಸೋಲುವ ಆಸೆಯಿಂದಲೋ ನನಗೆ ಗೊತ್ತಾಗಲಿಲ್ಲ.

ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು. ಲೈಟು, ಹಾರನ್ನು, ಕನ್ನಡಿ ನೋಡಿದರು. ಬಗ್ಗಿ ಚಕ್ರಗಳ ಹಿಂದೆ ನೋಡಿ, "ಹೊಸ ಓಸ್ ಹಾಕ್ಸಿದ್ದೀರಾ" ಎಂದರು. ಆಮೇಲೆ ಅತ್ತೆಯ ಪಕ್ಕದಲ್ಲಿ ತಾವೇ ಕುಳಿತರು. ಅಂಗಳದ ತುದಿಯಲ್ಲಿ ಸುಣ್ಣದ ಗೆರೆಯೊಂದಿತ್ತು. "ಅಮ್ಮ, ಅಲ್ಲಿಂದ ಬನ್ನಿ, ನಾನು ಹೇಳಿದ ತಕ್ಷಣ ಹಿಡೀಬೇಕು" ಎಂದದ್ದು ನಮಗೂ ಕೇಳಿಸಿತು. ಕಾರು ದೂರಕ್ಕೆ ಹೋಗಿ ತಿರುಗಿ ನಿಂತಿತು. ಅಪ್ಪ ಸುಣ್ಣದ ಗೆರೆಯ ಪಕ್ಕಕ್ಕೆ ಹೋಗಿ ಅಂಪೈರಿನ ಹಾಗೆ ನಿಂತುಕೊಂಡ. ಮೆಕ್ಯಾನಿಕ್ಕು ನನ್ನ ಪಕ್ಕದಲ್ಲಿ ಪಿಸುಗುಟ್ಟುತ್ತಿದ್ದ: "ಒತ್ತಿ ನರ್ಸಮ್ಮ, ಒತ್ತಿ, ಒತ್ತಿ…"

ಕಾರು ಬಂತು. ನಿಂತಿತು. ಇನ್ಸ್‌ಪೆಕ್ಟರ ಕೈಯಲ್ಲಿದ್ದ ಕಾಗದಗಳು ಡ್ಯಾಶ್‌ಬೋರ್ಡಿನ ಮೇಲೆ ಹೋಗಿ ಬಿದ್ದವು. ಅವರು ಅವನ್ನು ಜೋಡಿಸಿಕೊಂಡು, "ಇನ್ನೊಂದ್ಸಲ" ಎಂದರು. ಇನ್ನೊಮ್ಮೆಯೂ ಹಾಗೇ ನಿಂತಿತು. ಈ ಸಲ ಅವರು ಕಾಗದಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಇಳಿಯುವಾಗ, "ನಮ್ಮ ಆಫೀಸ್ ಜೀಪ್‌ಗಿಂತ ಚೆನ್ನಾಗಿ ಹಿಡಿಯುತ್ತಲ್ಲಮ್ಮ" ಎಂದರು. ಕಾರು ಗೆರೆಗಿಂತ ಎಷ್ಟು ಮೊದಲೇ ನಿಂತಿತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಪ್ಪ ಒಂದು ಗೇಣು ಎನ್ನುತ್ತಾನೆ, ಮೆಕ್ಯಾನಿಕ್ಕು ಒಂದು ಮಾರು ಎನ್ನುತ್ತಾನೆ, ನಾನು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ.

ಕಾಗದದ ಮೇಲೆ ಸಹಿ ಬಿದ್ದ ಮೇಲೆ ಅತ್ತೆ ತಮ್ಮನಿಗೆ ಮುಂದಿನ ಬಾಗಿಲು ತೆಗೆದುಕೊಟ್ಟಳು. "ಅತ್ಲಾ. ಊಟಕ್ಕೆ ಊರ್ಗೇ ಓಗನ." ಅಪ್ಪ ಹತ್ತಿ ಕುಳಿತ. ಮೆಕ್ಯಾನಿಕ್ಕು ನನ್ನ ಪಕ್ಕ ಹಿಂದೆ ಕುಳಿತ.

ಅಪ್ಪ ಮಾತಿಗೆ ತಪ್ಪುವವನಲ್ಲ. ಬಾಯಿ ಬಿಡುವುದಿಲ್ಲ ಎಂದಿದ್ದ, ಬಿಡಲಿಲ್ಲ. ಸಂತೇಮರಹಳ್ಳಿಯ ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ನುಗ್ಗಿದಾಗಲೂ ಬಿಡಲಿಲ್ಲ. ಆದರೆ ಚಾಮರಾಜನಗರ ದಾಟಿದಾಗಿನಿಂದ ಅವನ ಬಲಗಾಲು ಒಂದೇ ಸಮ ನೆಲವನ್ನು ಒತ್ತುತ್ತಿತ್ತು. ಎದುರು ಲಾರಿ ಕಂಡರೆ ಒತ್ತು, ತಿರುವು ಬಂದರೆ ಒತ್ತು, ಹಂಪ್ ಕಂಡರೆ ಇನ್ನೂ ಜೋರಾಗಿ.

ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಅಲ್ಲಿ ಬ್ರೇಕ್ ಇಲ್ಲ ಕಣ್ಲಾ. ಮ್ಯಾಟು ತೂತಾಯ್ತದೆ."

ಅಪ್ಪ ಕಿಟಕಿಯ ಹೊರಗೆ ನೋಡಿದ. ಕಾಲು ತೆಗೆಯಲಿಲ್ಲ. ಕುದೇರಿಗೆ ಇನ್ನೊಂದು ಮೈಲಿ ಇರುವಾಗ ಕುರಿಮಂದೆಯೊಂದು ರಸ್ತೆಗೆ ಇಳಿಯಿತು. ಅಕ್ಕನ ಕಾಲೂ ತಮ್ಮನ ಕಾಲೂ ಒಟ್ಟಿಗೇ ಒತ್ತಿದವು. ಕಾರು ಮೆಲ್ಲಗೆ ನಿಂತಿತು. ಕುರಿಗಳು ಬಹಳ ಇದ್ದವು, ನಿಧಾನವಾಗಿ ದಾಟಿದವು. ಕೊನೆಯ ಕುರಿ ದಾಟುವವರೆಗೂ ಇಬ್ಬರೂ ಕಾಲು ಒತ್ತಿಕೊಂಡೇ ಕುಳಿತಿದ್ದರು.